ಎರ್ರಿಸ್ವಾಮಿಯ ಸೆಂಟ್ರಲ್ ಎಸಿ

ಚಳ್ಳಕೆರೆಯ ಬಿಸಿಲನ್ನು ಚಳ್ಳಕೆರೆಯವರು ಎಷ್ಟು ಬೇಕಾದರೂ ಬೈಯುತ್ತಾರೆ. ಹೊರಗಿನವರು ಬೈದರೆ ಮಾತ್ರ ಸಹಿಸುವುದಿಲ್ಲ. ಮನೆಯ ಮುಂಗೋಪಿ ಅಜ್ಜನ ಹಾಗೆ ಅದು. ಬೈಯುವ ಹಕ್ಕು ಅವನ ಕೈಯಲ್ಲಿ ಬೈಸಿಕೊಂಡವರಿಗಷ್ಟೇ. ಆದ್ದರಿಂದ ಮೊಳಕಾಲ್ಮೂರಿನ ವನಜಾಕ್ಷಮ್ಮನವರು ಫೋನಿನಲ್ಲಿ, ನಿಮ್ಮದೂ ಒಂದು ಊರೇ, ಶೇಂಗಾ ಹುರಿಯೋ ಬಾಣಲಿ, ಎಂದು ಅಂದಿರದಿದ್ದರೆ ಎರ್ರಿಸ್ವಾಮಿ ತನ್ನ ಜೀವಮಾನದ ಒಂದೇ ಒಂದು ದೊಡ್ಡ ಸುಳ್ಳನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಸಣ್ಣ ಸುಳ್ಳುಗಳು ಲೆಕ್ಕಕ್ಕಿಲ್ಲ. ಅವನು ಶೇಂಗಾ ಎಣ್ಣೆ ಮಿಲ್ಲಿನ ಗುಮಾಸ್ತ. ಲಾರಿ ಆಗಲೇ ಬಿಟ್ಟಿತು, ಸಾಹುಕಾರರು ಈಗ ತಾನೇ ಊಟಕ್ಕೆ ಎದ್ದರು, ಇವೆಲ್ಲ ಸಂಬಳದೊಳಗೆ ಬರುವ ಸುಳ್ಳುಗಳು. ಆಫೀಸಿನ ಕೆಲಸವನ್ನು ಅವನು ಯಾವತ್ತೂ ಮನೆಗೆ ತಂದವನಲ್ಲ.

ವಿಷಯ ಇಷ್ಟು. ವನಜಾಕ್ಷಮ್ಮನವರು ಎರ್ರಿಸ್ವಾಮಿಯ ಬೀಗಿತ್ತಿ, ಮಗಳು ದೀಪಿಕಾಳ ಅತ್ತೆ. ದೀಪಿಕಾ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆಣ್ಣುಕೂಸನ್ನು ಹೆತ್ತು ಮಲಗಿದ್ದಳು. ಚೊಚ್ಚಲ ಬಾಣಂತನ ತವರುಮನೆಯದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ವನಜಾಕ್ಷಮ್ಮನವರೂ ಅಲ್ಲಗಳೆಯಲಿಲ್ಲ. ಅವರು ಬಿಸಿಲಿನ ಕಡೆಯಿಂದ ಬಂದರು. ತಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗುಂಡಿ ಮಗ್ಗ, ಮಣ್ಣಿನ ನೆಲ, ಒಳಗೆ ಕಾಲಿಟ್ಟರೆ ಮಡಕೆಯೊಳಗೆ ಕೂತಂತೆ ತಂಪು. ನಿಮ್ಮದು ಆರ್‌ಸಿಸಿ ಮನೆ, ಪಕ್ಕದಲ್ಲಿ ಎಣ್ಣೆ ಮಿಲ್ಲು. ಕೂಸಿನ ಮೈಯೆಲ್ಲ ಬೆವರುಸಾಲೆ ಎದ್ದರೆ ಗತಿಯೇನು? ಸಂಪ್ರದಾಯ ದೊಡ್ಡದೋ ಕೂಸು ದೊಡ್ಡದೋ?

ಇಷ್ಟು ಹೊತ್ತೂ ಫೋನಿನ ಸ್ಪೀಕರು ಆನ್ ಆಗಿತ್ತು. ಎರ್ರಿಸ್ವಾಮಿಯ ಹೆಂಡತಿ ನಿರ್ಮಲಾ ಪಕ್ಕದಲ್ಲೇ ನಿಂತಿದ್ದಳು. ಆಕೆ ಮಗಳ ಏಳು ತಿಂಗಳ ಹೊಟ್ಟೆ ಕಂಡಾಗಲೇ ತುಪ್ಪ ಕಾಯಿಸಿಟ್ಟವಳು, ಅಂಟಿನುಂಡೆಗೆ ಕೊಬ್ಬರಿ ಒಣಗಿಸಿದವಳು, ಹಳೆಯ ಸೀರೆಗಳನ್ನೆಲ್ಲ ಹರಿದು, ಒಗೆದು, ಮಡಿಸಿ ಪೆಟ್ಟಿಗೆ ತುಂಬಿದವಳು. ಆಸ್ಪತ್ರೆಯಲ್ಲಿ ದೀಪಿಕಾ ಅಪ್ಪನ ಬೆರಳು ಹಿಡಿದು, ನಾನು ಅವ್ವನ ಹತ್ರಾನೇ ಇರ್ತೀನಪ್ಪಾ, ಎಂದು ಬೆಳಿಗ್ಗೆ ತಾನೇ ಹೇಳಿದ್ದಳು. ಈಗ ನಿರ್ಮಲಾಳ ಕಣ್ಣಂಚಿನಲ್ಲಿ ನೀರು ಬಂದು ನಿಂತಿತ್ತು. ಬೀಳುವುದೋ ಬೇಡವೋ ಎಂದು ಅದೂ ಗಂಡನ ಉತ್ತರಕ್ಕೆ ಕಾಯುತ್ತಿದ್ದಂತಿತ್ತು.

ಎರ್ರಿಸ್ವಾಮಿ ಗಂಟಲು ಸರಿಮಾಡಿಕೊಂಡ.

"ಬಿಸಿಲಿನ ಚಿಂತೆ ಬಿಡ್ರಿ ಅಕ್ಕಾರೆ. ನಮ್ಮನೇಲಿ ಸೆಂಟ್ರಲ್ ಎಸಿ ಐತೆ."

ಆ ಕಡೆ ಮಗ್ಗದ ಸದ್ದು ಕೂಡ ನಿಂತುಹೋಯಿತು.

"ಸೆಂಟ್ರಲ್?"

"ಸೆಂಟ್ರಲ್."

"ಹಂಗಾರೆ ಇರ್ಲಿ. ತೊಟ್ಲಿಗೆ ಹಾಕೋಕೆ ಬಂದಾಗ ನೋಡ್ತೀನಿ. ತಂಪಿಲ್ಲ ಅಂದ್ರೆ ತಾಯಿ ಮಗೂನ ಅವತ್ತೇ ಕಾರಿನಾಗೆ ಕೂರಿಸ್ಕಂಡು ಬರ್ತೀನಿ. ಆಮ್ಯಾಲೆ ಬ್ಯಾಸರ ಮಾಡ್ಕಬಾರ್ದು ಬೀಗರೆ."

ಈಗ ಆ ಸೆಂಟ್ರಲ್ ಎಸಿಯ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಊರಿನ ಹಳೆಯ ಟಾಕೀಸೊಂದನ್ನು ಕೆಡವಿದಾಗ ಬಾಗಿಲು, ಕುರ್ಚಿ, ಫ್ಯಾನುಗಳನ್ನೆಲ್ಲ ಜನ ಹೊತ್ತೊಯ್ದರು. ಯಾರಿಗೂ ಬೇಡವಾಗಿ ಉಳಿದದ್ದು ಎರಡು: ಬಾಲ್ಕನಿಗೆ ಗಾಳಿ ಬಿಡುತ್ತಿದ್ದ ಅಲ್ಮೇರಾ ಗಾತ್ರದ ಕೂಲರ್ ಪೆಟ್ಟಿಗೆ, ಮತ್ತು ಅದರ ಗಾಳಿಯನ್ನು ಸಾಗಿಸುತ್ತಿದ್ದ ಚೌಕದ ತಗಡಿನ ಕೊಳವೆ. ಬಲ್ಲವರು ಅದನ್ನು ಡಕ್ಟು ಎನ್ನುತ್ತಾರೆ. ಯಾರಿಗೂ ಬೇಡವಾದದ್ದನ್ನು ಕಂಡರೆ ಎರ್ರಿಸ್ವಾಮಿಗೆ ಕರುಳು ಚುರುಕ್ ಎನ್ನುತ್ತದೆ. ಎರಡನ್ನೂ ತಂದ. ಪೆಟ್ಟಿಗೆ ಮಾಳಿಗೆಯ ಮೇಲೆ ಕೂತಿತು. ಡಕ್ಟು ಮೆಟ್ಟಿಲ ಸಂದಿನಲ್ಲಿ ಇಳಿದು, ಪಡಸಾಲೆ, ಅಡುಗೆಮನೆ, ಕೋಣೆ ಮೂರಕ್ಕೂ ಒಂದೊಂದು ಬಾಯಿ ತೆರೆಯಿತು. ಪಡಸಾಲೆಯ ಬಾಯಿಯ ಮೇಲೆ ಟಾಕೀಸಿನ ಕಾಲದ ಕೆಂಪಕ್ಷರಗಳು ಹಾಗೇ ಇದ್ದವು: ಧೂಮಪಾನ ನಿಷೇಧಿಸಿದೆ. ಬಣ್ಣ ಹೊಡೆಸೋಣ ಎಂದು ನಿರ್ಮಲಾ ಅಂದರೆ ಎರ್ರಿಸ್ವಾಮಿ, ಇರ್ಲಿ ಬಿಡು, ಒಳ್ಳೇ ಮಾತು ತಾನೇ, ಎಂದಿದ್ದ.

ತಂಪಾಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಒದ್ದೆ ಹುಲ್ಲಿನ ಮೂಲಕ ಹಾದುಬರುವ ಗಾಳಿ ತಂಪನ್ನೊಂದೇ ತರುವುದಿಲ್ಲ, ನೀರನ್ನೂ ತರುತ್ತದೆ. ಹೊಸ್ತಿಲಿನ ಆಚೆ ಚಳ್ಳಕೆರೆ, ಈಚೆ ಮಂಗಳೂರು. ಹೊರಗೆ ತುಟಿ ಒಡೆಯುತ್ತಿತ್ತು, ಒಳಗೆ ಉಪ್ಪು ಬೆವರುತ್ತಿತ್ತು. ಹಪ್ಪಳ ಕರವಸ್ತ್ರದಂತೆ ಮಡಚಿಕೊಳ್ಳುತ್ತಿತ್ತು, ಬೆಂಕಿಪೆಟ್ಟಿಗೆಯ ಕಡ್ಡಿ ಗೀರಿದರೆ ನಾಚಿಕೊಂಡು ತಲೆ ಬಾಗಿಸುತ್ತಿತ್ತು. ಪಕ್ಕದ ಮನೆಯ ಬೋರಣ್ಣ, ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಪೇಪರು ಓದಲು ಬಂದರೆ ಪೇಪರನ್ನು ಬಿಚ್ಚುವ ಬದಲು ಹಿಂಡಬೇಕಾಗುತ್ತಿತ್ತು. ಲೇ ಎರ್ರಿ, ಇದು ಮನೆನೋ ಮೀನಿನ ಬುಟ್ಟಿನೋ, ಎಂದು ಅವನು ಕೇಳುತ್ತಿದ್ದ. ಕೇಳುತ್ತಲೇ ಸಂಜೆವರೆಗೂ ಕೂರುತ್ತಿದ್ದ.

ಆಸ್ಪತ್ರೆಯಿಂದ ದೀಪಿಕಾ ಕೂಸಿನೊಂದಿಗೆ ಬಂದಳು. ಎರ್ರಿಸ್ವಾಮಿ ಆ ವರ್ಷದ ಮೊದಲ ಸಲ, ನಾಲ್ಕು ಜನರ ಎದುರು, ಉದ್ಘಾಟನೆಯ ಗತ್ತಿನಲ್ಲಿ ಸ್ವಿಚ್ಚು ಒತ್ತಿದ. ಡಕ್ಟಿನೊಳಗೆ ಯಾರೋ ಮುದುಕ ಎದ್ದು ಕೂತಂತೆ ಸದ್ದಾಯಿತು. ಒಂದು ಕೆಮ್ಮು. ಆಮೇಲೆ ಮೂರೂ ಬಾಯಿಗಳಿಂದ ಒಟ್ಟಿಗೆ ಶೇಂಗಾ ಹೊಟ್ಟು, ಧೂಳು, ಪಾರಿವಾಳದ ಪುಕ್ಕ ಮತ್ತು ಬಾಲ್ಕನಿಯ ಒಂದು ಹಳೆಯ ಹರಿದ ಟಿಕೆಟ್ಟು ಹೊರಬಿದ್ದವು. ವರ್ಷವಿಡೀ ಪಕ್ಕದ ಮಿಲ್ಲು ಸುಲಿದ ಕಾಯಿಯ ಹೊಟ್ಟೆಲ್ಲ ಮಾಳಿಗೆಯ ಮೇಲೆ ಹಾರಿ ಬಂದು ಡಕ್ಟಿನೊಳಗೆ ಸಂಸಾರ ಹೂಡಿತ್ತು. ಕೂಸು ಒಂದರ ಮೇಲೊಂದು ಸೀನಿತು.

ಎರ್ರಿಸ್ವಾಮಿಯ ಅವ್ವ ಯರ್ರಮ್ಮ ಸೆರಗಿನಿಂದ ಮರಿಮೊಮ್ಮಗಳ ಮುಖ ಮುಚ್ಚಿ, "ಏನ್ಲೇ ಇದು, ನಿನ್ನ ಮಿಷಿನ್ನು ಗಾಳಿ ಬಿಡ್ತೈತೋ ಶೇಂಗಾ ಸುಲೀತೈತೋ?" ಎಂದಳು. ಅವಳಿಗೆ ಆ ಡಕ್ಟಿನ ಮೇಲೆ ಮೊದಲಿಂದಲೂ ಅನುಮಾನ. ಬಾಣಂತಿಗೆ ಬೇಕಾದ್ದು ಬಿಸಿನೀರು, ಹೊಗೆ, ಮುಚ್ಚಿದ ಕಿಟಕಿ, ಗಾಳಿ ಅಲ್ಲ. ತಾನು ಐದು ಹೆತ್ತಾಗ ಎಸಿ ಇರಲಿಲ್ಲ, ಕರೆಂಟೇ ಇರಲಿಲ್ಲ. ಫೋನು ಮಾಡಿ ಕೇಳಿದರೆ ಕೂಸಿನ ಡಾಕ್ಟರು ಮಾತ್ರ ಸಮಾಧಾನದಿಂದ, ಅದು ಎಂಥ ಮಿಷಿನ್ನೇ ಆಗಿರಲಿ, ಒಳಗೆ ಶುದ್ಧ ಮಾಡಿಸದೆ ಹಾಕಬೇಡಿ, ಎಂದರು.

ಡಕ್ಟು ತೊಳೆಯುವವರು ಚಳ್ಳಕೆರೆಯಲ್ಲಿ ಎಲ್ಲಿ? ಸಿಕ್ಕವನು ಪ್ರದೀಪ್. ಅವನ ಬೋರ್ಡಿನಲ್ಲಿ ಸಂಪು, ಟ್ಯಾಂಕು, ಸೋಫಾ ಎಂದಿತ್ತು. ಎರ್ರಿಸ್ವಾಮಿ ಕೇಳಿದ ತಕ್ಷಣ ಅವನು ಅಲ್ಲಿಯೇ ಸೀಮೆಸುಣ್ಣದ ಕಡ್ಡಿ ತೆಗೆದು ಕೆಳಗೆ ಡಕ್ಟು ಎಂದು ಬರೆದ. ಮಾತೆಲ್ಲ ಮೊಬೈಲಿನ ವಿಡಿಯೋದಿಂದ ಇಳಿಸಿಕೊಂಡದ್ದು. ಸರ್, ಬೇಸಿಕಲಿ ಇದು ಕಸ ಅಲ್ಲ ಸರ್, ಅಲರ್ಜಿ. ಅಲರ್ಜಿಗೆ ಪ್ರೊಸೀಜರ್ ಇರ್ತೈತೆ. ಮೊದ್ಲು ಎಳಿಬೇಕು, ಆಮ್ಯಾಲೆ ಊದಬೇಕು. ಎಳೆಯಲು ಊದಲು ಯಂತ್ರವೆಲ್ಲಿ ಎಂದರೆ, ನಿಮ್ ಮಿಲ್ನಾಗೆ ಶೇಂಗಾ ತೂರೋ ಬ್ಲೋವರ್ ಐತಲ್ಲ ಸರ್, ಅದ್ನೇ ಕೊಡ್ಸಿ, ಎಂದ. ಸಾಹುಕಾರರಿಗೆ ಎರ್ರಿಸ್ವಾಮಿ ಏನೋ ಹೇಳಿ ಬ್ಲೋವರು ತಂದ. ಆ ಸುಳ್ಳು ಸಂಬಳದೊಳಗೇ ಬರುತ್ತದೆ.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಬರುವೆನೆಂದ ಪ್ರದೀಪ್ ಬರಲಿಲ್ಲ. ಹತ್ತಿರದ ತಳಕು ಊರಿನಲ್ಲಿ ಒಂದು ನೀರಿನ ಸಂಪಿನೊಳಗೆ ಇಳಿದಿದ್ದನಂತೆ. ಅವನು ಒಳಗಿದ್ದಾನೆಂಬುದನ್ನು ಮರೆತು ಮನೆಯವರು ಏಣಿ ತೆಗೆದಿಟ್ಟು ಮದುವೆಯ ಊಟಕ್ಕೆ ಹೋಗಿದ್ದರಂತೆ. ಹೀಗಾಗಿ ಅವನು ಚಳ್ಳಕೆರೆಗೆ ಬಂದದ್ದು ಶಾಸ್ತ್ರದ ದಿನವೇ, ಬೆಳಿಗ್ಗೆ. ಕೂಲರಿನ ಪೆಟ್ಟಿಗೆ ಕಳಚಿ ಪಕ್ಕಕ್ಕಿಟ್ಟು, ಬ್ಲೋವರನ್ನು ಡಕ್ಟಿನ ಮೇಲ್ಬಾಯಿಗೆ ಗೋಣಿಚೀಲ ಸುತ್ತಿ ಕಟ್ಟುತ್ತಿದ್ದ ಹೊತ್ತಿಗೆ ಬೀದಿಯಲ್ಲಿ ಹಾರನ್ ಕೇಳಿಸಿತು.

ವನಜಾಕ್ಷಮ್ಮನವರು ಕಾರಿನಲ್ಲಿ ಬಂದಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ, ಎರಡು ಕಡೆ ದಿಂಬು ಕೊಟ್ಟು, ತಾಯಿ ಮಗುವಿಗೆ ಸಿದ್ಧ ಮಾಡಿಯೇ ತಂದಿದ್ದರು. ಅದನ್ನು ಕಂಡು ನಿರ್ಮಲಾ ಆರತಿ ತಟ್ಟೆ ಹಿಡಿದೇ ಮಗಳ ಕೋಣೆಯ ಕಡೆ ತಿರುಗಿ ನೋಡಿದಳು. ಕಾರಿನ ಹಿಂದೆ ಒಂದು ಟೆಂಪೋ. ಅದರಿಂದ ಮಗ್ಗದ ಬೀದಿಗೆ ಬೀದಿಯೇ ಇಳಿಯಿತು. ಕರೆದದ್ದು ಮನೆಯವರನ್ನು ಮಾತ್ರ. ಆದರೆ ವನಜಾಕ್ಷಮ್ಮನವರು, ನಮ್ಮ ಮೊಮ್ಮಗಳು ಸೆಂಟ್ರಲ್ ಎಸಿಯಾಗೆ ಬೆಳೀತಾಳೆ, ಎಂದು ಮೊಳಕಾಲ್ಮೂರಿಗೆಲ್ಲ ಹೇಳಿಬಿಟ್ಟಿದ್ದರು. ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಅಲ್ಲಿಯೂ ಹೇಳಿ, ಅಲ್ಲಿಂದಲೂ ಯಾರೋ ದೂರದ ನೆಂಟರು ಹತ್ತಿಕೊಂಡಿದ್ದರು.

ಎಲ್ಲರೂ ಪಡಸಾಲೆಯಲ್ಲಿ ಡಕ್ಟಿನ ಬಾಯಿಯ ಎದುರು ಕೂತರು. ಸಾಲಾಗಿ, ಕತ್ತೆತ್ತಿ, ಧೂಮಪಾನ ನಿಷೇಧಿಸಿದೆ ಎಂಬುದನ್ನು ಓದುತ್ತಾ. ತಂಪು ಬರಲಿಲ್ಲ. ವನಜಾಕ್ಷಮ್ಮನವರು ಸೆರಗಿನಿಂದ ಗಾಳಿ ಹಾಕಿಕೊಂಡು ಬೀಗರ ಮುಖ ನೋಡಿದರು. ಅವರ ಗಂಡ ಸೂರಪ್ಪನವರು ಯಾರ ಮುಖವನ್ನೂ ನೋಡದೆ ನೀರು ಕುಡಿದರು. ಎಸಿ ಸರ್ವೀಸಿಗೆ ಬಿಟ್ಟಿದ್ದೇವೆ, ಈಗ ಆಯಿತು, ಎಂದು ಎರ್ರಿಸ್ವಾಮಿ ಹೇಳುತ್ತಿರುವಾಗಲೇ ಡಕ್ಟು ಬಾಯಿಬಿಟ್ಟು ಮಾತಾಡಿತು.

"ಅಣ್ಣಾ, ಇಲ್ಲಿ ಪಾರಿವಾಳದ ಗೂಡೈತೆ. ತೆಗೀಲೋ ಬ್ಯಾಡ್ವೋ?"

ಮಾಳಿಗೆಯ ಮೇಲೆ ಡಕ್ಟಿನೊಳಗೆ ತಲೆ ಹಾಕಿ ಪ್ರದೀಪ್ ಕೇಳಿದ್ದು ತಗಡಿನಲ್ಲಿ ಉರುಳಿ, ಗುಡುಗಿ, ಟಾಕೀಸಿನ ಖಳನಾಯಕನ ಗಂಟಲಾಗಿ ಕೆಳಗೆ ಬಂತು. ಸಾಲಾಗಿ ಕೂತವರೆಲ್ಲ ಎರ್ರಿಸ್ವಾಮಿಯ ಕಡೆ ತಿರುಗಿದರು. ಎರ್ರಿಸ್ವಾಮಿಗೆ ನಿಜ ಹೇಳಲು ಅದೊಂದು ಒಳ್ಳೆಯ ಅವಕಾಶ. ಆದರೆ ಅವನ ಕಣ್ಣು ಬಾಗಿಲ ಆಚೆ, ಕಾರಿನ ಹಿಂದಿನ ಸೀಟಿನ ದಿಂಬಿನ ಮೇಲೆ ಬಿತ್ತು.

"ಈಗಿನ ಎಸಿಗಳು ಮಾತಾಡ್ತಾವ್ರಿ," ಎಂದ. "ಏನಾರ ತೊಂದ್ರೆ ಇದ್ರೆ ಅವೇ ಹೇಳ್ತಾವೆ."

ಜನರಿಗೆ ಇದು ಸರಿಯೆನಿಸಿತು. ಫೋನು ಮಾತಾಡುತ್ತದೆ, ಕಾರು ಮಾತಾಡುತ್ತದೆ, ಎಸಿಗೆ ಏನು ದೊಡ್ಡಸ್ತಿಕೆ? ಬಿ.ಜಿ. ಕೆರೆಯ ನೆಂಟ ಎದ್ದು ಡಕ್ಟಿನ ಹತ್ತಿರ ಹೋಗಿ, ದೇವರಿಗೆ ಅರಿಕೆ ಮಾಡುವವನಂತೆ ಕೈಕಟ್ಟಿ, ಒಂಚೂರು ತಂಪು ಮಾಡಪ್ಪಾ, ಎಂದ. ಅವನ ಹೆಂಡತಿ, ಅದಕ್ಕೆ ಕನ್ನಡ ಬರ್ತೈತೋ ಇಲ್ಲೋ ಎಂದು, ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು.

"ಇನ್ನೂ ಅರ್ಧ ಗಂಟೆ ಬೇಕಣ್ಣಾ," ಎಂದಿತು ಡಕ್ಟು. "ಒಂದು ಲೋಟ ಟೀ ಕಳ್ಸು."

ಈ ಸಲ ವನಜಾಕ್ಷಮ್ಮನವರ ಹುಬ್ಬು ಮೇಲೆ ಹೋಯಿತು. ಎಸಿಗೆ ಟೀ ಯಾಕೆ, ಎಂದು ಅವರು ಕೇಳಬೇಕು, ಅಷ್ಟರಲ್ಲಿ ಪ್ರದೀಪನ ಪ್ರೊಸೀಜರಿನ ಮೊದಲ ಅಂಗ ಶುರುವಾಯಿತು. ಎಳೆಯುವುದು.

ಅದೇ ಹೊತ್ತಿಗೆ ಕೋಣೆಯಲ್ಲಿ ಯರ್ರಮ್ಮನ ಪ್ರೊಸೀಜರೂ ಶುರುವಾಗಿತ್ತು. ಬಾಣಂತಿಗೂ ಕೂಸಿಗೂ ಎರೆದಾಗಿತ್ತು. ಕಿಟಕಿ ಬಾಗಿಲು ಹಾಕಿ, ಒಲೆಯ ಕೆಂಡವನ್ನು ಮಣ್ಣಿನ ಕುಂಡದಲ್ಲಿ ತುಂಬಿ, ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ, ಬೇವಿನೆಲೆ ಹಾಕಿ ಊದಿದ್ದಳು. ಆ ಹೊಗೆಯ ಮೇಲೆ ದೀಪಿಕಾ ಕೂದಲು ಹರಡಬೇಕು, ಕೂಸನ್ನು ಅಂಗೈಯಲ್ಲಿ ಒಂದು ಸಲ ತೋರಿಸಬೇಕು. ಆದರೆ ಹೊಗೆ ಕೂದಲಿನ ಕಡೆಗೆ ಬರಲೊಲ್ಲದು. ಎದ್ದದ್ದೇ ನೆಟ್ಟಗೆ ಗೋಡೆಯ ಡಕ್ಟಿನ ಬಾಯಿಗೆ ಹೋಗುತ್ತಿತ್ತು. ಯರ್ರಮ್ಮ ಇನ್ನಷ್ಟು ಸಾಂಬ್ರಾಣಿ ಹಾಕಿದಳು. ಅದೂ ಹೋಯಿತು. ಬೇವಿನೆಲೆ ಮುಷ್ಟಿಗಟ್ಟಲೆ ಹಾಕಿದಳು. ಅದೂ.

"ಈ ಹಾಳು ಕೊಳವಿ ನನ್ ಹೊಗೆ ಕದೀತೈತಲ್ಲೇ," ಎಂದು ಹೇಳಿ, ಮೂಲೆಯಲ್ಲಿದ್ದ ಕೌದಿಯನ್ನು ಸುತ್ತಿ ಡಕ್ಟಿನ ಬಾಯಿಗೆ ಗಿಡಿದು, ಮೇಲೊಂದು ಗುದ್ದು ಕೊಟ್ಟಳು.

ಅಷ್ಟು ಹೊತ್ತಿಗೆ ತಡವಾಗಿತ್ತು. ಮಾಳಿಗೆಯ ಮೇಲೆ ಪ್ರದೀಪ್, ಹೊಟ್ಟು ಬರುವುದೆಂದು ಕಾದವನ ಮುಖಕ್ಕೆ ಹೊಗೆ ಹೊಡೆಯಿತು. ವಿಡಿಯೋದಲ್ಲಿ ಹೊಗೆಯ ಮಾತೇ ಇರಲಿಲ್ಲ. ಅವನು ಕೆಮ್ಮುತ್ತಾ, ಪ್ರೊಸೀಜರಿನ ಎರಡನೆಯ ಅಂಗವಾದರೂ ತನ್ನನ್ನು ಕಾಪಾಡಲೆಂದು ಬ್ಲೋವರನ್ನು ತಿರುಗಿಸಿ ಕಟ್ಟಿ ಒತ್ತಿದ. ಊದುವುದು.

ಒಂದು ವರ್ಷದ ಶೇಂಗಾ ಹೊಟ್ಟು, ಟಾಕೀಸಿನ ಕಾಲದ ಧೂಳು, ಮತ್ತು ಒಂದು ಬಾಣಂತನಕ್ಕಾಗುವಷ್ಟು ಸಾಂಬ್ರಾಣಿಯ ಹೊಗೆ, ಎಲ್ಲವೂ ಒಟ್ಟಿಗೆ ಕೆಳಗಿಳಿದು ಬಂದವು. ಕೋಣೆಯ ಬಾಯಿಗೆ ಕೌದಿ ಇತ್ತು. ಉಳಿದದ್ದು ಅಡುಗೆಮನೆ ಮತ್ತು ಪಡಸಾಲೆ. ಧೂಮಪಾನ ನಿಷೇಧಿಸಿದೆ ಎಂಬ ಅಕ್ಷರಗಳ ಕೆಳಗಿನಿಂದ ದಪ್ಪನೆಯ ಹೊಗೆ ಸುರುಳಿಸುರುಳಿಯಾಗಿ ಹೊರಟು, ಮೊಳಕಾಲ್ಮೂರಿನ ರೇಷ್ಮೆ ಸೀರೆಗಳ ಮೇಲೆಲ್ಲ ಹೊಟ್ಟಿನ ಬುಟ್ಟಾ ನೇಯ್ದಿತು.

ಎಸಿ ಸುಡ್ತೈತೆ, ಎಂದು ಯಾರೋ ಅಂದರು. ಅಷ್ಟು ಸಾಕಾಯಿತು. ಹೊರಗೆ ಮಾಳಿಗೆಯ ಹೊಗೆ ನೋಡಿದ ಬೋರಣ್ಣ ಆಗಲೇ ಬೆಂಕಿಯವರಿಗೆ ಫೋನು ಮಾಡಿದ್ದ. ಪಕ್ಕದಲ್ಲಿ ಎಣ್ಣೆ ಮಿಲ್ಲಿರುವಾಗ ಯಾರೂ ಯೋಚಿಸುತ್ತಾ ನಿಲ್ಲುವುದಿಲ್ಲ. ಮಿಲ್ಲಿನ ಸೈರನ್ನೂ ಕೂಗಿತು. ಬೋರಣ್ಣ ಹಳೆಯ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಸೀಟಿ ಹೊಡೆದು, ಇಳೀರಿ ಇಳೀರಿ, ಮುಂದಿನೋರು ಮುಂದಿನ ಬಾಗ್ಲಾಗೆ, ಹಿಂದಿನೋರು ಹಿಂದೆ, ಹೆಂಗಸ್ರು ಕೂಸುಗಳು ಮೊದ್ಲು, ಎಂದು ಪಡಸಾಲೆಯನ್ನು ಖಾಲಿ ಮಾಡಿಸಿದ. ಬಿ.ಜಿ. ಕೆರೆಯ ನೆಂಟ ಮಾತ್ರ ಹೊರಗೆ ಬಂದ ಮೇಲೂ ಹೆಂಡತಿಯನ್ನು ಬೈಯುತ್ತಿದ್ದ. ನೀನು ತೆಲುಗಿನಲ್ಲಿ ಏನೋ ಅಂದಿದ್ದಕ್ಕೇ ಅದಕ್ಕೆ ಸಿಟ್ಟು ಬಂದಿದ್ದಂತೆ.

ಎಲ್ಲರೂ ಹೊರಗೋಡಿದರೆ ವನಜಾಕ್ಷಮ್ಮನವರು ಒಳಗೋಡಿದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕೋಣೆಯ ಬಾಗಿಲು ತಳ್ಳಿದರು. ಇಡೀ ಮನೆಯಲ್ಲಿ ಹೊಗೆ ಇಲ್ಲದ ಜಾಗ ಅದೊಂದೇ. ದೀಪಿಕಾ ಕೂದಲು ಒರೆಸಿಕೊಳ್ಳುತ್ತಿದ್ದಳು. ಕೂಸು ಬಾಯಿ ಅರ್ಧ ತೆರೆದು ಮಲಗಿತ್ತು. ಯರ್ರಮ್ಮ ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಸೋತ ಮುಖ ಮಾಡಿಕೊಂಡು, ಬಾರವ್ವ, ನೋಡು, ಇದ್ದ ಹೊಗೆಯೆಲ್ಲ ನಿಮ್ ಬೀಗ ಎಳ್ಕಂಡ, ಎಂದಳು.

ಕೂಸು ಕ್ಷೇಮ ಎಂದಾದ ಮೇಲೆ ವನಜಾಕ್ಷಮ್ಮನವರಿಗೆ ಬೆಂಕಿ ಎಲ್ಲಿದೆ ಎಂದು ನೋಡುವ ಆಸೆಯಾಯಿತು. ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರು. ಬೆಂಕಿ ಇರಲಿಲ್ಲ. ಮಸಿ ಮುಖದ ಪ್ರದೀಪ್ ಇದ್ದ. ಅವನ ಪಕ್ಕದಲ್ಲಿ ಸೆಂಟ್ರಲ್ ಎಸಿ ಕರುಳು ಬಿಚ್ಚಿಕೊಂಡು ಬಿದ್ದಿತ್ತು: ತಗಡಿನ ಪೆಟ್ಟಿಗೆ, ಹುಲ್ಲಿನ ಹಲಗೆ, ಒಂದು ಫ್ಯಾನು, ಸುಟ್ಟುಹೋದ ಸಣ್ಣ ಪಂಪು. ಗೋಡೆಯ ನೆರಳಿನಲ್ಲಿ ಸಾಲಾಗಿ ತುಂಬಿದ ಕೊಡಗಳು. ಕೊನೆಯ ಕೊಡದ ಮೇಲೆ ಎರ್ರಿಸ್ವಾಮಿಯ ಚೌಕದ ಟವೆಲ್ಲು. ಅದನ್ನು ಸುತ್ತಿ ಸಿಂಬೆ ಮಾಡಲಾಗಿತ್ತು. ನಡುವೆ ಒತ್ತಿ ಒತ್ತಿ ಬಟ್ಟಲಿನಂತಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಪಂಪು ಸುಟ್ಟ ದಿನದಿಂದ ಅವನೇ ಕೊಡ ಹೊತ್ತು ಮೆಟ್ಟಿಲು ಹತ್ತಿ ಹುಲ್ಲಿಗೆ ನೀರು ಹಾಕುತ್ತಿದ್ದ. ಹಾಕಿದ್ದು ಒಣಗುವುದರೊಳಗೆ ಇನ್ನೊಂದು ಕೊಡ. ಶುದ್ಧವಾದ ಕೂಡಲೇ ಮಗಳಿಗೆ ಕೂಸಿಗೆ ತಂಪು ಸಿಗಲೆಂದು ಇವತ್ತಿನದನ್ನೂ ಬೆಳಗ್ಗೆಯೇ ತುಂಬಿಟ್ಟಿದ್ದ.

ವನಜಾಕ್ಷಮ್ಮನವರು ಪೆಟ್ಟಿಗೆ ನೋಡಿದರು. ಕೊಡಗಳನ್ನು ನೋಡಿದರು. ಸಿಂಬೆಯನ್ನು ಎತ್ತಿ, ಒಂದು ಸಲ ತಿರುಗಿಸಿ, ಇದ್ದ ಹಾಗೇ ಇಟ್ಟರು. ಕೆಳಗೆ ಬೆಂಕಿ ನಂದಿಸುವ ಗಾಡಿ ಗಂಟೆ ಬಾರಿಸುತ್ತಾ ಬಂದು ನಿಂತಿತು.

ಗಾಡಿಯಿಂದ ಇಳಿದ ಅಧಿಕಾರಿ ರಾಜಣ್ಣ ದಪ್ಪ ಮೀಸೆಯ ಮನುಷ್ಯ. ಪೈಪು ಹಿಡಿದ ಜನರನ್ನು ಹಿಂದೆ ನಿಲ್ಲಿಸಿಕೊಂಡು, ಬೆಂಕಿ ಎಲ್ಲಿ ಎಂದು ಗದರಿದ. ಉತ್ತರವಾಗಿ ಯರ್ರಮ್ಮ ಕೆಂಡದ ಕುಂಡವನ್ನು ಎರಡು ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬಂದಳು.

"ಇಲ್ಲೈತೆ ನೋಡಪ್ಪಾ ಬೆಂಕಿ. ಬಾಣಂತಿ ಹೊಗೆ ನೀ ಕಂಡಿಲ್ಲೇನು? ನಿಮ್ಮವ್ವ ನಿನ್ನ ಹೊಗೆ ಹಾಕ್ದೇನೇ ಬೆಳೆಸಿದ್ಳೇನು?"

ರಾಜಣ್ಣನ ಮೀಸೆ ಇಳಿಯಿತು. ನಮ್ಮವ್ವನೂ ಹಾಕ್ತಿದ್ಳು ಬಿಡಜ್ಜಿ, ಎಂದು ಪೈಪಿನವರನ್ನು ಹಿಂದೆ ಕಳಿಸಿದ. ಆದರೆ ಸರ್ಕಾರಿ ಗಾಡಿ ಬಂದ ಮೇಲೆ ಏನನ್ನೂ ನೋಡದೆ ಹೋಗುವಂತಿಲ್ಲ. ಒಳಗೆ ಬಂದು ಡಕ್ಟನ್ನು ತಟ್ಟಿ, ಇದು ಯಾವ ಮಿಷಿನ್ನು, ಎಂದು ಮನೆಯ ಯಜಮಾನನನ್ನು ಕೇಳಿದ.

ಪಡಸಾಲೆ ಮತ್ತೆ ತುಂಬಿತ್ತು. ತಲೆಗೆ ಹೊಟ್ಟು ಮೆತ್ತಿಕೊಂಡ ಮೊಳಕಾಲ್ಮೂರು ಒಂದು ಕಡೆ, ಬೋರಣ್ಣನ ಸೀಟಿಗೆ ಬಂದ ಚಳ್ಳಕೆರೆ ಒಂದು ಕಡೆ. ಎರ್ರಿಸ್ವಾಮಿ ತುಟಿ ಒರೆಸಿಕೊಂಡು, ಸೆಂಟ್ರಲ್, ಎಂದು ಆರಂಭಿಸಿದ. ಎಸಿ ಎನ್ನುವ ಮೊದಲೇ ರಾಜಣ್ಣ ಕೈಯೆತ್ತಿ ತಡೆದ.

"ನೋಡಿ ಹೇಳು," ಎಂದ ರಾಜಣ್ಣ. "ಸೆಂಟ್ರಲ್ ಎಸಿ ಅಂದ್ರೆ ನಾನು ಮೇಲಿನೋರಿಗೆ ತಿಳಿಸ್ಬೇಕು. ಅವರು ಬಂದು ನೋಡ್ತಾರೆ, ಅಲ್ಲೀವರ್ಗೂ ಸ್ವಿಚ್ ಮುಟ್ಟಂಗಿಲ್ಲ. ಕೂಲರ್ ಅಂದ್ರೆ ಇಲ್ಲಿಗೇ ಮುಗೀತು. ಯಾವ್ದು?"

ಎರ್ರಿಸ್ವಾಮಿ ಒಂದು ಸಲ ಕೋಣೆಯ ಕಡೆ, ಒಂದು ಸಲ ಕಾರಿನ ಕಡೆ ನೋಡಿದ. ಎಸಿ ಎಂದರೆ ಗಾಳಿ ಬಂದ್. ಗಾಳಿ ಬಂದ್ ಎಂದರೆ ಮಗಳು ಮೊಳಕಾಲ್ಮೂರಿಗೆ. ಕೂಲರ್ ಎಂದರೆ ಮಾನವೂ ಹೋಯಿತು, ಮಗಳೂ ಹೋದಳು. ಎರಡರಲ್ಲೂ ಕಾರಿನ ಹಾಸಿಗೆ ಖಾಲಿ ಹೋಗುವಂತಿರಲಿಲ್ಲ. ಹಾಗಾದರೆ ನಿಜವನ್ನೇ ಹೇಳಿಬಿಡೋಣ, ಕಡೇಪಕ್ಷ ಅದು ನೆನಪಿಟ್ಟುಕೊಳ್ಳಲು ಸುಲಭ, ಎಂದು ಅವನು ಬಾಯಿ ತೆರೆದ.

"ಕೂಲ..." ಎನ್ನುವಷ್ಟರಲ್ಲಿ ಮೆಟ್ಟಿಲಿಂದ ವನಜಾಕ್ಷಮ್ಮನವರು ಇಳಿದು ಬಂದರು.

"ನೀವು ಕೂಲರ್ ಅಂತ ಬರ್ಕಳ್ರಿ ಸಾರ್," ಎಂದರು. "ನಾವು ಎಸಿ ಅಂತ ಕರೀತೀವಿ."

"ಅದೆಂಗಾಗ್ತೈತಮ್ಮಾ? ಬರೆಯೋದೊಂದು ಕರೆಯೋದೊಂದು?"

"ಯಾಕಾಗಲ್ಲ? ರೇಷನ್ ಕಾರ್ಡ್ನಾಗೆ ನಮ್ಮನೆಯೋರಿಗೂ ಒಂದು ಹೆಸ್ರೈತೆ. ಮದ್ವೆಯಾದಾಗ್ನಿಂದ ನಾನು ಒಂದಿನಾನೂ ಆ ಹೆಸ್ರು ಹಿಡ್ದು ಕರ್ದಿಲ್ಲ. ಅದಕ್ಕೆ ಇವರು ನನ್ ಗಂಡ ಅಲ್ಲ ಅಂತೀರೇನು?"

ಎಲ್ಲರೂ ಸೂರಪ್ಪನವರನ್ನು ನೋಡಿದರು. ಅವರು ಗಂಡನೆಂದೇ ಒಪ್ಪಿಕೊಳ್ಳುವಂತೆ ತಲೆಯಾಡಿಸಿದರು. ರಾಜಣ್ಣ ಕೂಲರ್ ಎಂದೇ ಬರೆದುಕೊಂಡ. ತನ್ನ ಮನೆಯಲ್ಲಿ ತನ್ನನ್ನು ಏನೆಂದು ಕರೆಯುತ್ತಾರೆಂಬುದು ನೆನಪಾಯಿತೋ ಏನೋ, ಮಜ್ಜಿಗೆ ಕುಡಿದು, ಕೂಸಿನ ಕೈಗೊಂದು ನೋಟು ಸಿಕ್ಕಿಸಿ, ಗಂಟೆ ಬಾರಿಸದೆ ಹೋದ.

ಪ್ರದೀಪ್ ಪೆಟ್ಟಿಗೆಯನ್ನು ಮತ್ತೆ ಜೋಡಿಸಿದ. ಎರ್ರಿಸ್ವಾಮಿ ಯಾರಿಗೂ ಕಾಣದಂತೆ ಮೇಲೆ ಹೋಗಿ ಕೊಡಗಳನ್ನು ಹುಲ್ಲಿಗೆ ಬೋರಲು ಹಾಕಿ, ಏನೂ ತಿಳಿಯದವನ ಮುಖ ಹೊತ್ತು ಕೆಳಗೆ ಬಂದ. ಸ್ವಿಚ್ಚು ಒತ್ತಿದರು. ಹೊಟ್ಟು ಬರಲಿಲ್ಲ, ಪುಕ್ಕ ಬರಲಿಲ್ಲ, ಟಿಕೆಟ್ಟೂ ಬರಲಿಲ್ಲ. ಸಾಂಬ್ರಾಣಿ ಕುಡಿದಿದ್ದ ಡಕ್ಟಿನಿಂದ ತಣ್ಣನೆಯ, ಘಮಘಮಿಸುವ ಗಾಳಿ ಬಂತು. ಮೊಳಕಾಲ್ಮೂರಿನವರು ಒಟ್ಟಿಗೆ ಕಣ್ಣು ಮುಚ್ಚಿದರು. ಬಿ.ಜಿ. ಕೆರೆಯ ನೆಂಟ, ಎಸಿ ಅಂದ್ರೆ ಇದು, ಸೆಂಟೂ ಅದ್ರಾಗೇ ಬರ್ತೈತೆ, ಎಂದು ತೀರ್ಪು ಕೊಟ್ಟ. ಪ್ರದೀಪ್ ಅದನ್ನು ಕೇಳಿಸಿಕೊಂಡು ಆ ವಾರವೇ ಬೋರ್ಡಿನಲ್ಲಿ ಡಕ್ಟು ಎಂಬುದರ ಪಕ್ಕ ‘ಧೂಪ ಸಮೇತ’ ಎಂದು ಸೇರಿಸಿದ. ಕೋಣೆಯ ಬಾಯಿಯ ಕೌದಿಯನ್ನು ಮಾತ್ರ ಯರ್ರಮ್ಮ ಪೂರ್ತಿ ತೆಗೆಯಲು ಬಿಡಲಿಲ್ಲ. ಅರ್ಧಕ್ಕೆ ರಾಜಿಯಾಯಿತು. ಬಾಣಂತಿಯ ಕಡೆ ಮುಚ್ಚಿ, ತೊಟ್ಟಿಲ ಕಡೆ ತೆರೆದು.

ತಮಾಷೆ ಏನೆಂದರೆ, ವನಜಾಕ್ಷಮ್ಮನವರ ಓರಗಿತ್ತಿಯೊಬ್ಬರು ತಟ್ಟೆಯ ಹಪ್ಪಳ ಮಡಚಿಕೊಂಡದ್ದನ್ನು ನೋಡಿ, ಇದ್ಯಾಕೋ ಕೂಲರಿನ ಗಾಳಿ ಇದ್ದಂಗೈತಲ್ಲಾ ಅಕ್ಕಾ, ಎಂದು ರಾಗ ತೆಗೆದಾಗ ಎರ್ರಿಸ್ವಾಮಿ ಬಾಯಿ ತೆರೆಯುವ ಮೊದಲೇ ವನಜಾಕ್ಷಮ್ಮನವರು ಅವರನ್ನು ಇಡಿಯಾಗಿ ನುಂಗಿಬಿಟ್ಟರು. ಸೆಂಟ್ರಲ್ ಎಸಿಯಾಗೆ ನೀನು ಯಾವತ್ತು ಕೂತಿದ್ದೆ, ಹೇಳು ನೋಡೋಣ. ಓರಗಿತ್ತಿ ಹಪ್ಪಳವನ್ನು ಬಿಡಿಸಿ ತಿಂದರು.

ತೊಟ್ಟಿಲಿಗೆ ಹಾಕಿದ್ದಾಯಿತು, ಹಾಡಿದ್ದಾಯಿತು, ಊಟವಾಯಿತು. ಹೊರಡುವ ಹೊತ್ತಿಗೆ ವನಜಾಕ್ಷಮ್ಮನವರು ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆಗೆದರು. ನಿರ್ಮಲಾ ತಲೆಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವರು ಹಾಸಿಗೆ ಸುತ್ತಿದರು, ಎರಡು ದಿಂಬುಗಳನ್ನು ಕಂಕುಳಲ್ಲಿ ಇಟ್ಟುಕೊಂಡರು, ವಾಪಸು ಬಂದು ಎಲ್ಲವನ್ನೂ ನಿರ್ಮಲಾಳ ಕೈಗೆ ತುರುಕಿದರು.

"ಇದ್ನ ಕೋಣೆಯಾಗೆ ಹಾಸಮ್ಮಾ. ನಾನೂ ನಾಕು ದಿನ ಇರ್ತೀನಿ. ಊರಾಗೆ ಭಾಳ ಸೆಕೆ."

ಎರ್ರಿಸ್ವಾಮಿಗೆ ಸಂತೋಷವಾಯಿತು. ಮರುಗಳಿಗೆಯಲ್ಲೇ, ನಾಲ್ಕು ದಿನವೂ ಈ ಕಣ್ಣು ತಪ್ಪಿಸಿ ಕೊಡ ಹೊರುವುದು ಹೇಗೆ ಎಂದು ಗಾಬರಿಯೂ ಆಯಿತು. ಟೆಂಪೋ ಹೊರಡಲು ಅಣಿಯಾಗಿ, ಇಡೀ ಮಗ್ಗದ ಬೀದಿ ಕಿಟಕಿಗಳಿಂದ ಕೈಬೀಸುತ್ತಿತ್ತು. ಆಗ ಪಡಸಾಲೆಯ ಗಾಳಿ ಸ್ವಲ್ಪ ಬೆಚ್ಚಗಾಯಿತು. ವನಜಾಕ್ಷಮ್ಮನವರು ಡಕ್ಟಿನ ಬಾಯಿಗೆ ಅಂಗೈ ಹಿಡಿದು ನೋಡಿ, ಎಲ್ಲರಿಗೂ ಕೇಳಿಸುವಂತೆ, ತೀರ ಸಹಜವಾಗಿ ಕೇಳಿದರು.

"ಬೀಗರೆ, ಎಸಿಗೆ ನೀರು ಹಾಕಿದ್ರಾ?"

ಟೆಂಪೋದಲ್ಲಿ ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಮಾತಾಡುವ, ಟೀ ಕೇಳುವ ಎಸಿ. ಇಂಥ ಬಿಸಿಲಿನಲ್ಲಿ ಅದಕ್ಕೂ ಬಾಯಾರುವುದಿಲ್ಲವೇ? ಎರ್ರಿಸ್ವಾಮಿ ಬೀಗಿತ್ತಿಯ ಮುಖ ನೋಡಿದ. ಅವರು ಊಟದ ಗದ್ದಲದಲ್ಲಿ ಮತ್ತೊಮ್ಮೆ ಮಾಳಿಗೆಗೆ ಹೋಗಿ ತಂದಿದ್ದ ಸಿಂಬೆಯನ್ನು ಅವನ ಕಡೆಗೆ ಚಾಚಿದ್ದರು.